ಬಾನುಲಿಯ ಹವ್ಯಾಸಿ: ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿ

ಲೋಕದಲ್ಲಿ ಕೆಲವು ಹೆಸರುಗಳು ತಮ್ಮನ್ನು ಹುಟ್ಟಿಸಿದವರಿಗಿಂತ ಹೆಚ್ಚು ಕಾಲ ಬಾಳುತ್ತವೆ. ಕೆರೆಯನ್ನು ಕಟ್ಟಿಸಿದವನು ಯಾರೆಂಬುದು ಮರೆತುಹೋದ ಮೇಲೂ ಕೆರೆಯ ಹೆಸರು ಊರಿನ ಬಾಯಲ್ಲಿ ಉಳಿಯುವುದು ನಮ್ಮ ನಾಡಿಗೆ ಹೊಸತಲ್ಲ. ಆಕಾಶವಾಣಿ ಎಂಬ ಮಾತೂ ಅಂಥದೇ. ಪುರಾಣದಲ್ಲಿ ಅದು ಅಶರೀರವಾಣಿ. ದೇವಕಿಯ ರಥವನ್ನು ಹೊಡೆಯುತ್ತಿದ್ದ ಕಂಸನಿಗೆ ಅವನ ಮೃತ್ಯುವಿನ ವಾರ್ತೆಯನ್ನು ಸಾರಿದ ದನಿ. ಇಂದಿನ ಮನೆಗಳಲ್ಲಿ ಅದು ಬೆಳಗಿನ ವಾರ್ತೆ, ನಡುಹಗಲಿನ ಹಾಡು, ಸಂಜೆಯ ಕೃಷಿಮಾತು. ಪುರಾಣದ ಈ ಪದವನ್ನು ಯಂತ್ರದ ಬಾಯಿಗೆ ತಂದಿಟ್ಟದ್ದು ದೆಹಲಿಯೂ ಅಲ್ಲ, ಕಲ್ಕತ್ತೆಯೂ ಅಲ್ಲ. ಮೈಸೂರಿನ ಒಬ್ಬ ಪ್ರಾಧ್ಯಾಪಕರ ಮನೆ. ಆ ಪ್ರಾಧ್ಯಾಪಕರೇ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ತೋಟದ ಮನೆಗಳಲ್ಲಿ ಆಕಾಶವಾಣಿ ಎಂದೊಡನೆ ಹಿರಿಯರ ನೆನಪಿಗೆ ಬರುವುದು ೧೯೬೫ರ ಫೆಬ್ರವರಿ ೭ರಂದು ಆರಂಭವಾದ ಭದ್ರಾವತಿ ಕೇಂದ್ರ. ಅಡಕೆಯ ಧಾರಣೆಯನ್ನೂ ಮಳೆಯ ಮುನ್ಸೂಚನೆಯನ್ನೂ ಅದರಿಂದಲೇ ತಿಳಿದುಕೊಂಡ ತಲೆಮಾರೊಂದು ಮಲೆನಾಡಿನಲ್ಲಿ ಬಾಳಿದೆ. ಆದರೆ ಭದ್ರಾವತಿಗೆ ಮೂವತ್ತು ವರ್ಷ ಮುಂಚೆಯೇ ಕನ್ನಡನಾಡಿನಲ್ಲಿ ಬಾನುಲಿಯ ಬೀಜ ಬಿದ್ದಿತ್ತು. ಅದು ಬಿದ್ದುದು ಸರ್ಕಾರದ ಆಜ್ಞೆಯಿಂದಲ್ಲ, ವ್ಯಾಪಾರದ ಲಾಭದ ಆಸೆಯಿಂದಲೂ ಅಲ್ಲ, ಒಬ್ಬನ ಹವ್ಯಾಸದಿಂದ. ಹವ್ಯಾಸವೊಂದು ಸಂಸ್ಥೆಯಾಗಿ ಬೆಳೆದಾಗ ಏನನ್ನು ಪಡೆಯುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಅರಿಯಬೇಕೆನ್ನುವವರಿಗೆ ಈ ಜೀವಿತಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಗೋಪಾಲಸ್ವಾಮಿಯವರು ಹುಟ್ಟಿದ್ದು ೧೮೯೬ರಲ್ಲಿ. ಭೌತಶಾಸ್ತ್ರವಾಗಲಿ ವಿದ್ಯುಚ್ಛಾಸ್ತ್ರವಾಗಲಿ ಅವರ ವೃತ್ತಿಯ ವಿಷಯವಾಗಿರಲಿಲ್ಲ. ಅವರು ಆರಿಸಿಕೊಂಡದ್ದು ಆ ಕಾಲಕ್ಕೆ ನಮ್ಮಲ್ಲಿ ಇನ್ನೂ ಎಳೆಯದಾಗಿದ್ದ ಮನಶ್ಶಾಸ್ತ್ರವನ್ನು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಅವರ ವ್ಯಾಸಂಗ ನಡೆಯಿತು. ಮನುಷ್ಯನ ಬೇರೆ ಬೇರೆ ಸಾಮರ್ಥ್ಯಗಳ ತಳದಲ್ಲಿ ಒಂದು ಸಾಮಾನ್ಯ ಬುದ್ಧಿಶಕ್ತಿ ಹರಿಯುತ್ತಿದೆ ಎಂಬ ತತ್ತ್ವವನ್ನು ಗಣಿತದ ನೆರವಿನಿಂದ ಪ್ರತಿಪಾದಿಸಿದ ವಿದ್ವಾಂಸ ಸ್ಪಿಯರ್‌ಮನ್. ಮನಸ್ಸನ್ನು ಕುರಿತು ಊಹಿಸುವುದಷ್ಟೇ ಸಾಲದು, ಅಳೆಯಬೇಕು, ಪ್ರಯೋಗಕ್ಕೆ ಒಡ್ಡಬೇಕು ಎಂಬುದು ಆ ಪೀಠದ ದೀಕ್ಷೆ. ಗೋಪಾಲಸ್ವಾಮಿಯವರು ಅದನ್ನು ಪೂರ್ಣವಾಗಿ ಸ್ವೀಕರಿಸಿದರು.

ಅವರ ಆ ಕಾಲದ ಸಂಶೋಧನೆ ಕೈಯ ಕಲಿಕೆಯನ್ನು ಕುರಿತದ್ದು. ಕಾಗದದ ಮೇಲೆ ಬರೆದ ನಕ್ಷತ್ರದ ಆಕಾರವನ್ನು ನೇರವಾಗಿ ನೋಡದೆ, ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ಅದರ ಗೆರೆಯ ಮೇಲೆ ಪೆನ್ಸಿಲನ್ನು ಎಳೆಯಬೇಕು. ಕಣ್ಣು ಒಂದು ಕಡೆಗೆ ಹೇಳುತ್ತದೆ, ಕೈ ಇನ್ನೊಂದು ಕಡೆಗೆ ಹೋಗುತ್ತದೆ. ಎಷ್ಟೋ ತಪ್ಪುಗಳಾದ ಮೇಲೆ ಕೈ ತಾನಾಗಿ ದಾರಿಯನ್ನು ಕಂಡುಕೊಳ್ಳುತ್ತದೆ. ಇಂಥ ಕಲಿಕೆಯಲ್ಲಿ ಬುದ್ಧಿಯ ಪಾಲೆಷ್ಟು ಎಂಬುದೇ ಅವರ ಪ್ರಶ್ನೆ; ೧೯೨೪ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರ ಪತ್ರಿಕೆಯಲ್ಲಿ ಆ ಅಧ್ಯಯನ ಪ್ರಕಟವಾಯಿತು. ಮುಂದೆ ಅವರು ಬಾನುಲಿಯಂಥ ಅಪರಿಚಿತ ಕ್ಷೇತ್ರಕ್ಕೆ ಕೈಹಾಕಿದ ಬಗೆಯನ್ನು ನೋಡಿದರೆ, ತಪ್ಪುತ್ತ ತಿದ್ದಿಕೊಳ್ಳುತ್ತ ಕಲಿಯುವ ಕೈಯ ಮೇಲೆ ಅವರಿಗಿದ್ದ ನಂಬಿಕೆ ಪ್ರಯೋಗಶಾಲೆಯಲ್ಲಿ ಮಾತ್ರ ಉಳಿಯಲಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

೧೯೨೪ರಲ್ಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಭಾರತದಲ್ಲಿ ಕಲ್ಕತ್ತೆಯನ್ನು ಬಿಟ್ಟರೆ ಎರಡನೆಯ ವಿಭಾಗ ಅದು. ಆಗ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಶೀಲರು. ದರ್ಶನಶಾಸ್ತ್ರದ ಮಹಾಪಂಡಿತರಾದರೂ ಪ್ರಯೋಗಾತ್ಮಕ ಮನಶ್ಶಾಸ್ತ್ರ ನಮ್ಮ ವಿದ್ಯಾಲಯಗಳಿಗೆ ಬರಬೇಕೆಂದು ಬಯಸಿದ ಮೊದಲಿಗರಲ್ಲಿ ಅವರೊಬ್ಬರು. ಮಹಾರಾಜಾ ಕಾಲೇಜಿನಲ್ಲಿ ತೆರೆದ ಆ ವಿಭಾಗದ ಹೊಣೆ ಗೋಪಾಲಸ್ವಾಮಿಯವರಿಗೆ ಬಂತು. ಪಾಶ್ಚಾತ್ಯರ ಬುದ್ಧಿಮಾಪನ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಹೊಂದುವಂತೆ ಅಳವಡಿಸುವುದರಲ್ಲಿ ಅವರು ಶ್ರಮಿಸಿದರು. ಚಿಕ್ಕಮಕ್ಕಳ ಶಿಕ್ಷಣದಲ್ಲಿ ಹೊಸ ಪದ್ಧತಿಗಳನ್ನು ಮೈಸೂರಿಗೆ ತಂದವರಲ್ಲಿ ಅವರೂ ಒಬ್ಬರು. ಶಿಶುವಿಹಾರದ ಸ್ಥಾಪನೆಯೊಡನೆ ಅವರ ಹೆಸರು ಕೂಡಿಕೊಂಡಿದೆ. ನಾಟಕದಲ್ಲಿ ಅವರಿಗೆ ಆಸಕ್ತಿ ಇತ್ತು. ಮುಂದೆ ಅದೇ ಕಾಲೇಜಿನ ಪ್ರಿನ್ಸಿಪಾಲರೂ ಆದರು. ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಹತ್ತು ಕೆಲಸಗಳಂತೆ ಮೊದಲ ನೋಟಕ್ಕೆ ತೋರಬಹುದು. ಆದರೆ ಎಳೆಯ ಮಗು, ರಂಗದ ಮುಂದೆ ಕುಳಿತ ಪ್ರೇಕ್ಷಕ, ಮನೆಯ ಮೂಲೆಯಲ್ಲಿ ಕಿವಿಗೊಟ್ಟ ಶ್ರೋತೃ, ಈ ಮೂವರೂ ಪಾಠವೆಂದು ತಿಳಿಯದೆಯೇ ಕಲಿಯುವವರು. ಅಂಥ ಕಲಿಕೆಯ ಹುಡುಕಾಟವೇ ಈ ಎಲ್ಲ ಕೆಲಸಗಳನ್ನೂ ಪೋಣಿಸಿದ ದಾರ ಎನ್ನಬಹುದು.

ಅವರ ಬಾನುಲಿಯ ಸಾಹಸವನ್ನು ಹೇಳುವ ಮೊದಲು ಆ ಕಾಲದ ನಿಸ್ತಂತು ಲೋಕವನ್ನು ಸ್ವಲ್ಪ ನೋಡುವುದು ಉಚಿತ. ಮಾರ್ಕೋನಿ ೧೯೦೧ರಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತವನ್ನು ಕಳುಹಿಸಿದ ಮೇಲೆ, ತಂತಿಯಿಲ್ಲದ ಈ ತಂತಿಯ ಮೋಹ ಜಗತ್ತಿನ ತರುಣರನ್ನು ಹಿಡಿಯಿತು. ಮನೆಯ ಅಟ್ಟದಲ್ಲಿ, ದನದ ಕೊಟ್ಟಿಗೆಯಲ್ಲಿ, ಶಾಲೆಯ ಹಿಂದಿನ ಕೋಣೆಯಲ್ಲಿ ಅವರು ತಾಮ್ರದ ತಂತಿಯನ್ನು ಸುತ್ತಿ ಯಂತ್ರಗಳನ್ನು ಕಟ್ಟಿದರು. ಹಡಗುಗಳಿಗೂ ಸೈನ್ಯಕ್ಕೂ ಇವರಿಂದ ತೊಂದರೆಯಾಗುತ್ತದೆಂದು ಅಮೆರಿಕ ೧೯೧೨ರಲ್ಲಿ ಕಾನೂನು ಮಾಡಿ, ೨೦೦ ಮೀಟರಿಗಿಂತ ಕಿರಿದಾದ ಅಲೆಗಳನ್ನು ಮಾತ್ರ ಹವ್ಯಾಸಿಗಳಿಗೆ ಬಿಟ್ಟುಕೊಟ್ಟಿತು. ಅವು ಯಾವ ಪ್ರಯೋಜನಕ್ಕೂ ಬಾರದ ಅಲೆಗಳೆಂಬುದು ಅಂದಿನ ಪಂಡಿತರ ಎಣಿಕೆ. ಆ ಎಣಿಕೆಯನ್ನು ಹವ್ಯಾಸಿಗಳೇ ಸುಳ್ಳುಮಾಡಿದರು. ೧೯೨೩ರ ನವೆಂಬರಿನಲ್ಲಿ ಅಮೆರಿಕದ ಹವ್ಯಾಸಿಗಳೂ ಫ್ರಾನ್ಸಿನ ಹವ್ಯಾಸಿಯೂ ಸಾಗರದ ಎರಡು ದಡಗಳಿಂದ ಪರಸ್ಪರ ಸಂಭಾಷಿಸಿದರು. ಕಿರಿದಲೆಗಳು ಆಕಾಶದ ಎತ್ತರದಲ್ಲಿರುವ ವಿದ್ಯುನ್ಮಯ ಸ್ತರಕ್ಕೆ ಬಡಿದು, ಕನ್ನಡಿಯಿಂದ ಬೆಳಕು ಮರಳುವಂತೆ, ಸಾವಿರಾರು ಮೈಲಿಗಳಾಚೆ ನೆಲಕ್ಕಿಳಿಯುತ್ತವೆ ಎಂಬುದು ಜಗತ್ತಿಗೆ ಮನವರಿಕೆಯಾಯಿತು. ಕೂಲಿಗಾಗಿ ದುಡಿಯದ, ಕೇವಲ ಪ್ರೀತಿಯಿಂದ ದುಡಿದ ಜನ ತಜ್ಞರ ಕಣ್ಣು ತೆರೆಸಿದ ಪ್ರಸಂಗಗಳಲ್ಲಿ ಇದು ಮುಖ್ಯವಾದುದು.

ಭಾರತದಲ್ಲಿಯೂ ಈ ಗೀಳು ಬೇಗನೆ ತಲೆದೋರಿತು. ೧೯೨೧ರ ಹೊತ್ತಿಗೆ ಕಲ್ಕತ್ತೆಯಲ್ಲಿ ಅಮರೇಂದ್ರಚಂದ್ರ ಗುಪ್ತ ಎಂಬವರು ನಿಸ್ತಂತು ಹವ್ಯಾಸದಲ್ಲಿ ತೊಡಗಿದ್ದರು. ಮದರಾಸಿನಲ್ಲಿ ೧೯೨೪ರಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಉತ್ಸಾಹದಿಂದ ರೇಡಿಯೋ ಕ್ಲಬ್ಬೊಂದು ಹುಟ್ಟಿ, ೪೦ ವ್ಯಾಟಿನ ಯಂತ್ರದಿಂದ ಸಂಗೀತವನ್ನೂ ಮಾತನ್ನೂ ಬಿತ್ತರಿಸಿತು. ಹಣದ ಅಭಾವದಿಂದ ೧೯೨೭ರಲ್ಲಿ ಮುಚ್ಚಿತು. ಅದೇ ೧೯೨೭ರಲ್ಲಿ ಮುಂಬಯಿಯಲ್ಲಿಯೂ ಕಲ್ಕತ್ತೆಯಲ್ಲಿಯೂ ಖಾಸಗಿ ಕಂಪನಿಯೊಂದು ದೊಡ್ಡ ಕೇಂದ್ರಗಳನ್ನು ತೆರೆಯಿತು. ಮೂರು ವರ್ಷ ತುಂಬುವಷ್ಟರಲ್ಲಿ ಅದೂ ದಿವಾಳಿಯಾಯಿತು. ೧೯೩೦ರಲ್ಲಿ ಸರ್ಕಾರವೇ ಆ ಕೆಲಸವನ್ನು ವಹಿಸಿಕೊಳ್ಳಬೇಕಾಯಿತು. ೧೯೩೩ರ ನಿಸ್ತಂತು ಕಾನೂನು ಬಂದ ಮೇಲೆ ಬ್ರಿಟಿಷ್ ಭಾರತದಲ್ಲಿ ಪರವಾನಗಿಯಿಲ್ಲದೆ ರೇಡಿಯೋ ಯಂತ್ರವನ್ನು ಇಟ್ಟುಕೊಳ್ಳುವುದೂ ಅಪರಾಧವಾಯಿತು. ಕ್ಲಬ್ಬು ನಿಂತಿತ್ತು, ಕಂಪನಿ ಮುಳುಗಿತ್ತು. ಬಾನುಲಿ ಎಂಬುದು ಹಣ ನುಂಗುವ ಹೊಂಡ ಎಂಬ ಅಭಿಪ್ರಾಯ ಬಲಿತಿತ್ತು. ಅಂಥ ಕಾಲದಲ್ಲಿ, ತಿಂಗಳ ಸಂಬಳದ ಒಬ್ಬ ಅಧ್ಯಾಪಕ ತನ್ನ ಮನೆಯಲ್ಲೇ ಬಾನುಲಿ ಕೇಂದ್ರವನ್ನು ತೆರೆಯಲು ಮನಸ್ಸು ಮಾಡಿದ್ದು ಸಾಮಾನ್ಯ ಧೈರ್ಯವೇ?

೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನಲ್ಲಿ ಗೋಪಾಲಸ್ವಾಮಿಯವರ ಮನೆಯಾದ ವಿಠ್ಠಲ ವಿಹಾರದಿಂದ ಪ್ರಸಾರ ಆರಂಭವಾಯಿತು. ಯಂತ್ರದ ಶಕ್ತಿ ೩೦ ವ್ಯಾಟು. ವಾಚಕರು ಇದನ್ನು ಹೀಗೆ ಊಹಿಸಿಕೊಳ್ಳಬಹುದು: ನಮ್ಮ ಮನೆಗಳಲ್ಲಿ ಹಿಂದೆ ಉರಿಯುತ್ತಿದ್ದ ೬೦ ವ್ಯಾಟಿನ ಬಲ್ಬು ತೆಗೆದುಕೊಳ್ಳುತ್ತಿದ್ದ ವಿದ್ಯುತ್ತಿನ ಅರ್ಧದಷ್ಟು ಶಕ್ತಿ ಆಕಾಶಕ್ಕೆ ಹೊರಡುತ್ತಿತ್ತು. ಮೈಕ್ರೋಫೋನಿನ ಮುಂದೆ ಆಡಿದ ಮಾತು ವಿದ್ಯುತ್ತಿನ ಸಣ್ಣ ಕಂಪನವಾಗುತ್ತದೆ. ಗಾಜಿನ ವಾಲ್ವುಗಳು ಅದನ್ನು ಬಲಗೊಳಿಸಿ, ಸೆಕೆಂಡಿಗೆ ಲಕ್ಷಾಂತರ ಬಾರಿ ತೊನೆಯುವ ವಾಹಕ ತರಂಗದ ಬೆನ್ನಮೇಲೆ ಏರಿಸುತ್ತವೆ. ಏರಿಯಲ್ ತಂತಿ ಆ ತರಂಗವನ್ನು ಬಯಲಿಗೆ ಬಿಡುತ್ತದೆ. ಕೇಳುವವನ ಪೆಟ್ಟಿಗೆ ಅದರ ಬೆನ್ನಿನಿಂದ ಮಾತನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಇಷ್ಟೇ ಅದರ ಮರ್ಮ. ಈ ಮರ್ಮವನ್ನು ಅರಿತವರು ಅಂದು ಹಲವರಿದ್ದರು. ಅದನ್ನು ಒಂದು ನಗರದ ನಿತ್ಯದ ಉಪಯೋಗಕ್ಕೆ ತಿರುಗಿಸಬೇಕೆಂದು ಕನ್ನಡನಾಡಿನಲ್ಲಿ ಮೊದಲು ಟೊಂಕಕಟ್ಟಿ ನಿಂತವರು ಇವರು.

ಆರಂಭದ ಆ ದಿನ ಕುವೆಂಪು ಅವರ ಕವಿತಾವಾಚನ ನಡೆಯಿತೆಂಬ ಮಾತು ಮೈಸೂರಿನ ಬಾನುಲಿಯ ಕಥೆಯಲ್ಲಿ ಪ್ರಸಿದ್ಧವಾಗಿದೆ. ಕುವೆಂಪು ಆಗ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರು, ಗೋಪಾಲಸ್ವಾಮಿಯವರ ಸಹೋದ್ಯೋಗಿಗಳು. ಅವರು ಜನಿಸಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಎಂಬುದನ್ನು ನೆನೆದಾಗ, ಮೈಸೂರಿನ ಬಯಲುಸೀಮೆಯ ಆ ಮನೆಗೂ ತುಂಗೆ ಭದ್ರೆಯರ ನಡುವಿನ ಈ ಕಾಡುಸೀಮೆಗೂ ಒಂದು ನಂಟು ಮೊದಲ ದಿನವೇ ಬಿದ್ದಿತ್ತೆಂದು ಮಲೆನಾಡಿನವರು ಹೆಮ್ಮೆಪಡಬಹುದು. ಮಲೆನಾಡಿನ ಕವಿಯ ಕಂಠ ಮುದ್ರಣದ ಹಂಗಿಲ್ಲದೆ ಗಾಳಿಗೆ ಏರಿತು.

ಆದರೆ ಆ ಕಂಠ ಮಲೆನಾಡಿಗೆ ಕೇಳಿಸಿತೇ? ಇಲ್ಲಿ ಹೆಮ್ಮೆಗೆ ಕಡಿವಾಣ ಹಾಕಬೇಕಾಗುತ್ತದೆ. ಮೈಸೂರಿನಿಂದ ಕೊಪ್ಪಕ್ಕೆ ಹಕ್ಕಿ ಹಾರುವ ದಾರಿಯಲ್ಲೇ ಸುಮಾರು ೨೦೦ ಕಿಲೋಮೀಟರು. ಮೂವತ್ತು ವ್ಯಾಟಿನ ಶಕ್ತಿ ನೆಲವನ್ನು ಸವರಿಕೊಂಡು ಅಷ್ಟು ದೂರ ನಡೆಯಲಾರದು. ಅದರ ನಿಜವಾದ ಕ್ಷೇತ್ರ ಮೈಸೂರು ನಗರ ಮತ್ತು ಅದರ ಆಸುಪಾಸು. ಮಲೆನಾಡಿನ ಇಕ್ಕಟ್ಟಾದ ಕಣಿವೆಗಳಲ್ಲಿ ಸಹ್ಯಾದ್ರಿಯ ಕೋಡುಗಳು ಅಲೆಗೆ ಅಡ್ಡ ನಿಲ್ಲುತ್ತವೆ. ಮುಂಗಾರಿನ ಗುಡುಗು ಮಿಂಚು ಪೆಟ್ಟಿಗೆಯೊಳಗೆ ಕಲ್ಲು ಹುರಿದಂತೆ ಸದ್ದುಮಾಡುತ್ತವೆ. ಇಂದಿನ ಚಿಕ್ಕಮಗಳೂರು ಜಿಲ್ಲೆ ಆಗ ಕಡೂರು ಜಿಲ್ಲೆ ಎನಿಸಿಕೊಂಡಿತ್ತು. ಹಿಂದೆ ಎಡೇಹಳ್ಳಿಯಾಗಿದ್ದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಪಡೆದ ನರಸಿಂಹರಾಜಪುರವಾಗಲಿ, ಶಾರದೆಯ ಪೀಠವಾದ ಶೃಂಗೇರಿಯಾಗಲಿ ವಿದ್ಯುದ್ದೀಪದ ಊರುಗಳಾಗಿರಲಿಲ್ಲ. ವಿದ್ಯುತ್ತಿಲ್ಲದೆಡೆ ರೇಡಿಯೋ ಇಟ್ಟವರು ಬ್ಯಾಟರಿಯನ್ನು ನಂಬಬೇಕಿತ್ತು. ಅದು ಬರಿದಾದಾಗ ತುಂಬಿಸಲು ದೂರದ ಪಟ್ಟಣಕ್ಕೆ ಹೊತ್ತೊಯ್ಯಬೇಕಿತ್ತು. ಪೆಟ್ಟಿಗೆ ಬೆಲೆಯುಳ್ಳದ್ದು, ಉಳ್ಳವರ ಮನೆಯ ವಸ್ತು. ಆದುದರಿಂದ ಗೋಪಾಲಸ್ವಾಮಿಯವರ ಬಾನುಲಿ ಇಡೀ ನಾಡನ್ನು ಎಚ್ಚರಿಸಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆಯಾದೀತು. ಅದು ಒಂದು ಊರಿನ ಬಾನುಲಿ. ಆ ಊರಿನಲ್ಲಿಯೂ ಕೆಲವು ಮನೆಗಳ ಬಾನುಲಿ.

ಹಾಗಿದ್ದರೂ ಅದರ ಮಹತ್ತ್ವ ಕಡಿಮೆಯಾಗುವುದಿಲ್ಲ. ನಿಸ್ತಂತು ಹವ್ಯಾಸಿಗಳಲ್ಲಿ ಸಾಮಾನ್ಯವಾಗಿ ಕಾಣುವ ಆಸೆ ದೂರದ ಆಸೆ. ಆಸ್ಟ್ರೇಲಿಯದ ಯಾವನೋ ಅಪರಿಚಿತನಿಂದ ಉತ್ತರ ಬಂದರೆ, ಅವನ ಕಾರ್ಡು ಅಂಚೆಯಲ್ಲಿ ತಲಪಿದರೆ, ಅದೇ ಅವರಿಗೆ ಪರಮಾನಂದ. ಅವರಿಗೆ ಮುಖ್ಯವಾದುದು ಏನನ್ನು ಮಾತಾಡಿದೆವೆಂಬುದಲ್ಲ. ಎಷ್ಟು ದೂರಕ್ಕೆ ಮಾತಾಡಿದೆವೆಂಬುದು. ಗೋಪಾಲಸ್ವಾಮಿಯವರ ಆಸೆ ಇದಕ್ಕೆ ವಿಮುಖವಾದುದು. ಅವರಿಗೆ ಬೇಕಾದದ್ದು ಹತ್ತಿರದವನ ಕಿವಿ. ತಮ್ಮ ಊರಿನ ಗೃಹಿಣಿ, ವಿದ್ಯಾರ್ಥಿ, ಅಂಗಡಿಯವನು ಸಂಜೆ ಏನನ್ನು ಕೇಳಬೇಕು, ಕೇಳಿ ಏನನ್ನು ಕಲಿಯಬಹುದು ಎಂಬುದು ಮನಶ್ಶಾಸ್ತ್ರಜ್ಞನ ಕುತೂಹಲ. ಅದರಿಂದಲೇ ಯಂತ್ರದ ಶಕ್ತಿಯನ್ನು ಪ್ರದರ್ಶಿಸುವ ಆಟಕ್ಕಿಂತ ಕಾರ್ಯಕ್ರಮದ ಹಸನು ಅಲ್ಲಿ ಮುಖ್ಯವಾಯಿತು. ಸಂಗೀತಗಾರರ ಊರು, ವಿದ್ವಾಂಸರ ಊರು ಮೈಸೂರು; ಹಾಡುವವರಿಗೂ ಮಾತಾಡುವವರಿಗೂ ಅಲ್ಲಿ ಬರವಿರಲಿಲ್ಲ. ಕನ್ನಡದ ಮಾತು ವೇದಿಕೆಯ ಗಟ್ಟಿದನಿಯನ್ನು ಬಿಟ್ಟು, ಎದುರಿಗೆ ಕುಳಿತ ಒಬ್ಬನೊಡನೆ ಆಡುವ ಮೆಲುದನಿಯನ್ನು ಕಲಿಯಬೇಕಾದದ್ದು ಮೈಕ್ರೋಫೋನಿನ ಮುಂದೆ. ನಮ್ಮ ಗದ್ಯದ ಚರಿತ್ರೆಯನ್ನು ಬರೆಯುವವರು ಈ ಸಂಗತಿಯನ್ನು ಗಮನಿಸಬೇಕು.

ಒಂದು ದಿನದ ಪ್ರಸಾರ ಸಂಭ್ರಮ. ನಿತ್ಯದ ಪ್ರಸಾರ ವ್ರತ. ಹಬ್ಬವಿರಲಿ, ಜ್ವರವಿರಲಿ, ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯಿರಲಿ, ಹೊತ್ತಿಗೆ ಸರಿಯಾಗಿ ದನಿ ಹೊರಡಬೇಕು. ವಾಲ್ವು ಸುಟ್ಟುಹೋದರೆ ಬದಲಿಸಬೇಕು. ಕಲಾವಿದರು ಬಾರದಿದ್ದರೆ ಬೇರೊಬ್ಬರನ್ನು ಹುಡುಕಬೇಕು. ಅದಕ್ಕೆಲ್ಲ ಹಣ ಬೇಕು. ಈ ಭಾರವನ್ನು ಅವರು ಬಹುಮಟ್ಟಿಗೆ ತಮ್ಮ ಹೆಗಲಮೇಲೆಯೇ ಹೊತ್ತರು. ಮುಂದೆ ಸಾರ್ವಜನಿಕರ ಸಹಾಯವೂ ನಗರಸಭೆಯ ನೆರವೂ ದೊರೆತು, ೨೫೦ ವ್ಯಾಟಿನ ಯಂತ್ರ ಬಂದಿತು. ಮದರಾಸಿನ ಕ್ಲಬ್ಬೂ ಮುಂಬಯಿಯ ಕಂಪನಿಯೂ ಮೂರು ವರ್ಷಗಳಲ್ಲಿ ಮುಗ್ಗರಿಸಿದ ದಾರಿಯಲ್ಲಿ ಈ ಮನೆಯ ಬಾನುಲಿ ಆರು ವರ್ಷಕ್ಕೂ ಮಿಕ್ಕಿ ನಡೆಯಿತು. ಈ ನಡುವೆ ೧೯೩೯ರಲ್ಲಿ ಮಹಾಯುದ್ಧ ಆರಂಭವಾಗಿ, ಭಾರತದ ನಿಸ್ತಂತು ಹವ್ಯಾಸಿಗಳೆಲ್ಲ ತಮ್ಮ ಪರವಾನಗಿಗಳನ್ನು ಕಳೆದುಕೊಂಡರು. ದೇಶದ ಅಟ್ಟಗಳೆಲ್ಲ ಮೂಕವಾದವು. ಮೈಸೂರಿನ ದನಿ ಮಾತ್ರ ನಿಲ್ಲಲಿಲ್ಲ.

೧೯೪೨ರ ಜನವರಿ ೧ರಂದು ಮೈಸೂರು ಸರ್ಕಾರ ಕೇಂದ್ರವನ್ನು ತನ್ನದಾಗಿಸಿಕೊಂಡಿತು. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದು ಆಗಿನ್ನೂ ಒಂದೂವರೆ ವರ್ಷ ಸಂದಿತ್ತು. ತಾನು ನೆಟ್ಟ ಗಿಡವನ್ನು ಮತ್ತೊಬ್ಬರ ತೋಟಕ್ಕೆ ಕೊಡುವುದು ಯಾರಿಗೂ ಸುಲಭವಲ್ಲ. ಆದರೆ ಸಂಸ್ಥೆ ವ್ಯಕ್ತಿಯ ಆಯುಸ್ಸಿಗೆ ಕಟ್ಟುಬಿದ್ದರೆ ವ್ಯಕ್ತಿಯೊಡನೆಯೇ ಮುಗಿಯುತ್ತದೆ. ಕೇಂದ್ರದ ಕೆಲಸದಲ್ಲಿ ಎನ್. ಕಸ್ತೂರಿ, ಎ. ಎನ್. ಮೂರ್ತಿರಾವ್ ಮುಂತಾದ ಕನ್ನಡದ ಬರಹಗಾರರು ಕೈಗೂಡಿಸಿದ್ದರು. ಕಸ್ತೂರಿಯವರು ಕೇರಳದಲ್ಲಿ ಹುಟ್ಟಿ ಕನ್ನಡದ ಹಾಸ್ಯಸಾಹಿತ್ಯದಲ್ಲಿ ಮನೆಮಾತಾದವರು. ಮೂರ್ತಿರಾಯರು ನಮ್ಮ ಲಲಿತ ಪ್ರಬಂಧದ ಸೊಗಸನ್ನು ಬೆಳೆಸಿದವರು. ಆಕಾಶವಾಣಿ ಎಂಬ ಹೆಸರನ್ನು ಸೂಚಿಸಿದ ಗೌರವವನ್ನು ಕೆಲವರು ಕಸ್ತೂರಿಯವರಿಗೂ ಕೆಲವರು ಗೋಪಾಲಸ್ವಾಮಿಯವರಿಗೂ ಸಲ್ಲಿಸುತ್ತಾರೆ. ಪದ ಯಾರ ನಾಲಗೆಯಲ್ಲಿ ಮೊದಲು ಹುಟ್ಟಿದರೂ ಅದಕ್ಕೆ ಮೈಯನ್ನೂ ಪ್ರಾಣವನ್ನೂ ಕೊಟ್ಟದ್ದು ವಿಠ್ಠಲ ವಿಹಾರ ಎಂಬುದರಲ್ಲಿ ಮತಭೇದವಿಲ್ಲ.

ಸ್ವಾತಂತ್ರ್ಯ ಬಂದಿತು; ಸಂಸ್ಥಾನಗಳು ವಿಲೀನವಾದವು. ೧೯೫೦ರಲ್ಲಿ ಮೈಸೂರಿನ ಕೇಂದ್ರ ಕೇಂದ್ರಸರ್ಕಾರದ ಆಲ್ ಇಂಡಿಯಾ ರೇಡಿಯೋಗೆ ಸೇರಿತು. ಐದು ವರ್ಷಗಳ ಮೇಲೆ, ೧೯೫೫ರ ನವೆಂಬರಿನಲ್ಲಿ, ಅದನ್ನು ಬೆಂಗಳೂರಿಗೆ ಸ್ಥಳಾಂತರಿಸಲಾಯಿತು. ರಾಜಧಾನಿಗೆ ದೊಡ್ಡ ಕೇಂದ್ರ ಬೇಕೆಂಬ ವಾದದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಯಾವ ಊರು ನಾಡಿಗೆ ಬಾನುಲಿಯನ್ನು ಕೊಟ್ಟಿತೋ ಆ ಊರೇ ಅಂದಿನಿಂದ ಪರಸ್ಥಳದ ದನಿಗೆ ಕಿವಿಗೊಡಬೇಕಾಯಿತು. ಗೋಪಾಲಸ್ವಾಮಿಯವರು ಆಗ ಬದುಕಿದ್ದರು. ಕಾಲದ ವೈಚಿತ್ರ್ಯವನ್ನು ನೋಡಿ: ಅವರು ತೀರಿಕೊಂಡದ್ದು ೧೯೫೭ರಲ್ಲಿ, ಆಲ್ ಇಂಡಿಯಾ ರೇಡಿಯೋ ಆಕಾಶವಾಣಿ ಎಂಬ ಹೆಸರನ್ನು ದೇಶಕ್ಕೆಲ್ಲ ತನ್ನದನ್ನಾಗಿ ಸ್ವೀಕರಿಸಿದ್ದೂ ಆ ಹೊತ್ತಿಗೇ. ಮನೆಯಿಂದ ಯಂತ್ರ ಹೋಯಿತು, ಊರಿನಿಂದ ಕೇಂದ್ರ ಹೋಯಿತು. ಹೆಸರು ಮಾತ್ರ ಹಿಮಾಲಯದವರೆಗೆ ಹಬ್ಬಿತು. ಮೈಸೂರಿಗೆ ಅದರ ಬಾನುಲಿ ಮರಳಿದ್ದು ೧೯೭೪ರ ನವೆಂಬರ್ ೧೪ರಂದು. ಈಗಿನ ಕೇಂದ್ರ ನಿಂತಿರುವ ಯಾದವಗಿರಿಯ ಕಟ್ಟಡಕ್ಕೂ ಹಳೆಯ ವಿಠ್ಠಲ ವಿಹಾರಕ್ಕೂ ನಡುವೆ ಕೂಗಳತೆಯ ದೂರ. ೨೦೨೩ರಲ್ಲಿ ಸರ್ಕಾರದ ಪ್ರಸಾರ ಸಂಸ್ಥೆ ಇಂಗ್ಲಿಷ್ ಹೆಸರನ್ನು ಬದಿಗಿರಿಸಿ, ಎಲ್ಲ ವ್ಯವಹಾರದಲ್ಲೂ ಆಕಾಶವಾಣಿ ಎಂದೇ ಕರೆದುಕೊಳ್ಳಲು ನಿಶ್ಚಯಿಸಿದಾಗ, ಆ ಮನೆಯ ಹೆಸರಿಗೆ ಸಂಪೂರ್ಣ ವಿಜಯ ದೊರೆತಂತಾಯಿತು.

ಈ ಜೀವಿತವನ್ನು ತೂಗಿ ನೋಡುವಾಗ ಒಂದು ಪ್ರಶ್ನೆ ಏಳುತ್ತದೆ. ಗೋಪಾಲಸ್ವಾಮಿಯವರನ್ನು ನಿಸ್ತಂತು ಹವ್ಯಾಸಿ ಎಂದು ಕರೆಯಬಹುದೇ? ಇಂದಿನ ನಿಯಮದ ಕಟ್ಟುನಿಟ್ಟಿನಲ್ಲಿ ಹೇಳುವುದಾದರೆ ಕರೆಯಲಾಗದು. ಹವ್ಯಾಸಿ ರೇಡಿಯೋ ಎಂದರೆ ಪರವಾನಗಿಯುಳ್ಳ ಇಬ್ಬರು ಪರಸ್ಪರ ಮಾತಾಡುವುದು. ಸಂಗೀತವನ್ನೋ ಮನರಂಜನೆಯನ್ನೋ ಸಾರ್ವಜನಿಕರಿಗೆ ಬಿತ್ತರಿಸುವುದಕ್ಕೆ ಅಲ್ಲಿ ಅವಕಾಶವಿಲ್ಲ. ಅದರಿಂದ ಹಣ ಸಂಪಾದಿಸುವಂತೆಯೂ ಇಲ್ಲ. ಒಬ್ಬನು ಆಡಿ ಸಾವಿರ ಜನ ಕೇಳುವ ಬಾನುಲಿಯೇ ಬೇರೆ, ಇಬ್ಬರೂ ಆಡಿ ಇಬ್ಬರೂ ಕೇಳುವ ಈ ಹವ್ಯಾಸವೇ ಬೇರೆ. ಆದರೆ ಕವಲು ಎರಡಾದರೂ ಬೇರು ಒಂದೇ. ನಮ್ಮ ನಾಡಿನಲ್ಲಿ ಹವ್ಯಾಸಿ ಎಂಬ ಮಾತಿಗೆ ಗೌರವ ತಂದುಕೊಟ್ಟದ್ದು ರಂಗಭೂಮಿ. ಕೈಲಾಸಂ ಅವರ ಕಾಲದ ಹವ್ಯಾಸಿ ನಟರು ವೃತ್ತಿ ಕಂಪನಿಗಳ ಎದುರಿಗೆ ನಿಂತು, ನಾಟಕವನ್ನು ಹೊಟ್ಟೆಪಾಡಿಗಲ್ಲದೆ ಅದರ ಮೇಲಣ ಪ್ರೀತಿಗಾಗಿಯೂ ಆಡಬಹುದೆಂದು ತೋರಿಸಿದರು. ಬಾನುಲಿಯಲ್ಲಿ ಅದೇ ಧರ್ಮವನ್ನು ಗೋಪಾಲಸ್ವಾಮಿಯವರು ಪಾಲಿಸಿದರು. ಅವರು ಹೊಸ ಯಂತ್ರವನ್ನು ಕಂಡುಹಿಡಿದವರಲ್ಲ. ಇದ್ದ ಯಂತ್ರಕ್ಕೆ ಹೊಸ ಉಪಯೋಗವನ್ನು ಕಂಡವರು.

ಅವರು ಬಿಟ್ಟುಹೋದ ಹವ್ಯಾಸದ ಇನ್ನೊಂದು ಕವಲು ಈಗಲೂ ಹಸುರಾಗಿದೆ. ೧೨ ವರ್ಷ ತುಂಬಿದ ಯಾರೇ ಆಗಲಿ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದರೆ, ವಿಯು ಎಂಬ ಅಕ್ಷರಗಳಿಂದ ಮೊದಲಾಗುವ ಕರೆಹೆಸರೊಂದು ಅವರಿಗೆ ಸಿಗುತ್ತದೆ. ಮೇಲಿನ ತರಗತಿಯ ಪರೀಕ್ಷೆಗೆ ಮೋರ್ಸ್ ಸಂಕೇತವನ್ನು ಕಲಿಯಬೇಕು. ಕಾರಿನ ಬ್ಯಾಟರಿಯಂಥ ೧೨ ವೋಲ್ಟಿನ ಬ್ಯಾಟರಿ, ಕೈಯಲ್ಲಿ ಎತ್ತಬಹುದಾದ ಯಂತ್ರ, ಎರಡು ಅಡಕೆಮರಗಳ ನಡುವೆ ಬಿಗಿದ ತಂತಿ, ಇಷ್ಟಿದ್ದರೆ ಯಾವ ಗೋಪುರದ ಹಂಗೂ ಇಲ್ಲದೆ ಸಮುದ್ರದಾಚೆಯವರೊಡನೆ ಮಾತಾಡಬಹುದು. ೧೯೯೯ರ ಒಡಿಶಾ ಚಂಡಮಾರುತದಲ್ಲಿಯೂ ೨೦೦೧ರ ಗುಜರಾತಿನ ಭೂಕಂಪದಲ್ಲಿಯೂ ಹವ್ಯಾಸಿಗಳು ತುಂಡಾದ ಊರುಗಳನ್ನು ದನಿಯಿಂದ ಕೂಡಿಸಿದರು. ೨೦೦೪ರ ಡಿಸೆಂಬರ್ ೨೬ರಂದು ಸುನಾಮಿ ಬಂದಾಗ ಪೋರ್ಟ್ ಬ್ಲೇರಿನಲ್ಲಿ ಹವ್ಯಾಸಕ್ಕೆಂದು ಹೋಗಿದ್ದ ತಂಡವೊಂದು ಅಂಡಮಾನಿನ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿತು. ಆಟವಾಗಿ ಕಲಿತ ವಿದ್ಯೆ ಆಪತ್ತಿನಲ್ಲಿ ಕರ್ತವ್ಯವಾಗುವ ಬಗೆ ಇದು.

ಇದರ ಅರ್ಥ ಮಲೆನಾಡಿನವರಿಗೆ ಬೇರೆಯವರಿಗಿಂತ ಬೇಗ ತಿಳಿದೀತು. ಆಷಾಢದ ಒಂದು ಗಾಳಿಗೆ ಮರ ಬಿದ್ದು ವಿದ್ಯುತ್ತು ಹೋದರೆ, ಅದರ ಹಿಂದೆಯೇ ಮೊಬೈಲಿನ ಗೋಪುರವೂ ಮಲಗುತ್ತದೆ. ಕೊಪ್ಪದಿಂದ ಶೃಂಗೇರಿಗೆ, ನರಸಿಂಹರಾಜಪುರದಿಂದ ಭದ್ರೆಯ ಹಿನ್ನೀರಿನಾಚೆಗೆ, ಕೂಗಿದರೆ ಕೇಳುವಷ್ಟು ಹತ್ತಿರದ ಮನೆಗಳೂ ದ್ವೀಪಗಳಾಗುತ್ತವೆ. ಪ್ರತಿ ತಾಲ್ಲೂಕಿನ ಕಾಲೇಜಿನಲ್ಲೂ ನಾಲ್ಕು ಜನ ವಿದ್ಯಾರ್ಥಿಗಳು ಈ ಹವ್ಯಾಸವನ್ನು ಕಲಿತರೆ ಆ ದ್ವೀಪಗಳ ನಡುವೆ ಸೇತುವೆಯೊಂದು ಸದಾ ಸಿದ್ಧವಾಗಿರುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಮಾತ್ರ ಸಲ್ಲುವ ವಿದ್ಯೆ ಇದೆಂದು ಉಳಿದವರು ಹಿಂಜರಿಯಬೇಕಾಗಿಲ್ಲ. ಮನಶ್ಶಾಸ್ತ್ರದ ಪ್ರಾಧ್ಯಾಪಕರೊಬ್ಬರು ನಾಡಿಗೆ ಬಾನುಲಿಯನ್ನು ಕೊಟ್ಟಿರುವಾಗ, ತಮ್ಮ ವಿಷಯದ ಬೇಲಿಯೊಳಗೇ ಇರುತ್ತೇವೆಂಬ ನೆಪ ಕನ್ನಡದವರಿಗೂ ಚರಿತ್ರೆಯವರಿಗೂ ಒಪ್ಪುವುದಿಲ್ಲ.

ದೊಡ್ಡವರ ಸ್ಮರಣೆಗೆ ಪ್ರತಿಮೆಯೊಂದೇ ದಾರಿಯಲ್ಲ. ಗೋಪಾಲಸ್ವಾಮಿಯವರು ತಮ್ಮ ಹೆಸರನ್ನು ಕೇಂದ್ರಕ್ಕೆ ಇಡಲಿಲ್ಲ. ಎಲ್ಲರ ಬಾಯಿಗೂ ಸಲ್ಲುವ ಹಳೆಯ ಪದವೊಂದನ್ನು ಇಟ್ಟರು. ಅದರಿಂದಾಗಿ ಪದ ಉಳಿಯಿತು, ಅವರು ಮರೆಗೆ ಸರಿದರು. ಮುಂಜಾನೆಯ ಮಂಜಿನಲ್ಲಿ ತೋಟಕ್ಕೆ ಹೊರಟ ರೈತನ ಜೇಬಿನೊಳಗಿಂದ ಆ ಪದ ಕೇಳಿಬಂದಾಗ ಅದರ ಹಿಂದೆ ಒಂದು ಮನೆಯಿತ್ತೆಂದೂ, ಆ ಮನೆಯಲ್ಲಿ ಬಲ್ಬಿಗೆ ಸಾಲದಷ್ಟು ಶಕ್ತಿಯನ್ನು ಹಿಡಿದು ಊರಿಗೆಲ್ಲ ಮಾತು ಕಲಿಸಲು ಕುಳಿತ ಒಬ್ಬ ಮೇಷ್ಟ್ರಿದ್ದರೆಂದೂ ಕನ್ನಡಿಗರು ತಿಳಿದಿದ್ದರೆ ಸಾಕು. ಆ ಋಣವನ್ನು ಹಣದಿಂದ ತೀರಿಸಲಾಗದು. ಅವರಂತೆಯೇ, ಲಾಭವನ್ನು ಎಣಿಸದೆ, ಒಂದು ವಿದ್ಯೆಯನ್ನು ಪ್ರೀತಿಯಿಂದ ಹಿಡಿದು ನಾಲ್ಕು ಜನರಿಗೆ ಮುಟ್ಟಿಸಿದರೆ ಒಂದಿಷ್ಟು ತೀರೀತು.